ಕೆಂಪು ಬಟ್ಟೆಯ ಕೆಳಗಿದ್ದ ಪ್ಲೇಟು

ನನ್ನ ಮಗಳನ್ನು ಒಂದು ಹಾಡು ನುಂಗಿತು ಎಂದು ಹೇಳುವವರು ಹರಿಹರದಲ್ಲಿ ಇನ್ನೂ ಇದ್ದಾರೆ. ದಾವಣಗೆರೆಯಲ್ಲಿ, ನಮ್ಮ ಓಣಿಯಲ್ಲಿಯೇ ಇದ್ದಾರೆ. ನಮ್ಮ ಮನೆಯವರು, ಅವಳ ಅಪ್ಪ, ಸಾಯುವ ತನಕ ಅದನ್ನೇ ನಂಬಿದ್ದರು. ನಾನು ಒಂದು ದಿನವೂ ನಂಬಲಿಲ್ಲ. ಅವರ ತಲೆಯಿಂದ ಅದನ್ನು ತೆಗೆಯಬೇಕೆಂದು ವರ್ಷಗಟ್ಟಲೆ ಹೆಣಗಿದೆ, ಆಗಲಿಲ್ಲ. ಈಗ ಅವರೂ ಇಲ್ಲ. ಹೇಳಿ ಒಪ್ಪಿಸಬೇಕಾದವರು ಯಾರೂ ಉಳಿಯದ ಮೇಲೆ ಆದದ್ದನ್ನು ಆದ ಹಾಗೆ ಬರೆದಿಡುತ್ತಿದ್ದೇನೆ.

ನಮ್ಮದು ಮೈಕ್ ಸೆಟ್ಟಿನ ಮನೆ. ಹಳೇ ದಾವಣಗೆರೆಯಲ್ಲಿ, ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿಯಲ್ಲಿ ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಸಂಸಾರ. ಎರಡು ತಗಡಿನ ಹಾರ್ನು, ಒಂದು ಆಂಪ್ಲಿಫೈಯರು, ಎತ್ತಲು ಇಬ್ಬರು ಬೇಕಾಗುವ ಬ್ಯಾಟರಿ, ಕೀ ಕೊಡುವ ಗ್ರಾಮೊಫೋನು, ಮತ್ತೆ ಪ್ಲೇಟುಗಳು. ರಿಕಾರ್ಡು ಎಂದು ಓದಿದವರು ಹೇಳುತ್ತಿದ್ದರು, ನಮಗೆ ಅವು ಪ್ಲೇಟು. ಕೈ ಜಾರಿದರೆ ಹಂಚಿನ ಹಾಗೆ ಒಡೆಯುತ್ತಿದ್ದವು. ಮಿಲ್ಲಿನಲ್ಲಿ ಬೀಳುವ ಕಸದ ಹತ್ತಿಯನ್ನು ತಂದು ದಿಂಬು ಹೊಲಿದು ಅವುಗಳ ನಡುವೆ ಇಡುವುದು ನನ್ನ ಕೆಲಸ.

ಊರಲ್ಲಿ ಮೈಕ್ ಸೆಟ್ಟಿನವರು ಇನ್ನೂ ಕೆಲವರಿದ್ದರು. ಅವರು ಕೈಗೆ ಸಿಕ್ಕಿದ್ದನ್ನು ಹಾಕುತ್ತಿದ್ದರು. ನಮ್ಮವರು ಹಾಗಲ್ಲ. ಮದುವೆಯ ದಿನಕ್ಕೆ ಒಂದು ನಡೆ ಇರುತ್ತದೆ, ಹಾಡು ಆ ನಡೆಗೆ ಹೆಜ್ಜೆ ಹಾಕಬೇಕು ಎನ್ನುತ್ತಿದ್ದರು. ಬೆಳಗ್ಗೆ ಅಂಗಳಕ್ಕೆ ನೀರು ಬೀಳುವಾಗ ಶಹನಾಯಿ. ಬಿಸಿಲು ಚಪ್ಪರಕ್ಕೆ ತಾಗುವ ಹೊತ್ತಿಗೆ ವಚನ. ಬೀಗರ ಬಂಡಿಗಳು ಬರುವಾಗ ಕಂಪನಿ ನಾಟಕದ ಗಟ್ಟಿ ಗಂಟಲಿನ ಪದ, ಬಂದವರಿಗೆ ಮರ್ಯಾದೆ ಕೊಟ್ಟ ಹಾಗಿರಬೇಕು. ಅಡುಗೆಯವರು ಬೆವರುವ ಹೊತ್ತಿಗೆ ಹಿಂದಿ ಸಿನಿಮಾದ ಒಂದೆರಡು. ಊಟದ ಪಂಕ್ತಿಗೆ ನಗೆಮಾತಿನ ಪ್ಲೇಟು, ಆದರೆ ಹೋಳಿಗೆ ಬಡಿಸುವಾಗ ಅದನ್ನು ನಿಲ್ಲಿಸುತ್ತಿದ್ದರು.

“ನಕ್ಕೊಂತ ಹೋಳಿಗೆ ತಿಂದ್ರ ನೆತ್ತಿಗೆ ಏರ್ತೈತೆ. ಆಮ್ಯಾಲೆ ಮೈಕಿನೋನು ಕೊಂದ ಅಂತಾರೆ” ಎಂದು ಅವರು ತಮಾಷೆ ಮಾಡುತ್ತಿದ್ದರು. ಆ ತಮಾಷೆ ನನಗೆ ಈಗ ಬೇಡವಾದಾಗಲೆಲ್ಲ ನೆನಪಾಗುತ್ತದೆ.

ನಮಗಿದ್ದವಳು ಒಬ್ಬಳೇ ಮಗಳು. ಅವಳು ಲಂಗ ಉಡುವ ವಯಸ್ಸಿನಿಂದಲೇ ಅವರು ಅವಳ ಮದುವೆಗೆಂದು ಬೇರೆ ಟ್ರಂಕು ಮಾಡಿದರು. ಬೇರೆ ಮನೆಗಳಲ್ಲಿ ಹಿತ್ತಾಳೆ ಕೊಡ, ಹಾಸಿಗೆ ಸುತ್ತಿ ಇಡುತ್ತಾರೆ. ನಮ್ಮ ಮನೆಯಲ್ಲಿ ಹಾಡು ಕೂಡಿಡುತ್ತಿದ್ದರು. ನನಗೆ ರೇಗುತ್ತಿತ್ತು.

“ಹಾಡು ತಗೊಂಡು ಹೋಗಿ ನೀರು ತರಾಕ ಬರ್ತೈತೇನ್ರಿ?” ಎಂದರೆ, “ಕೊಡ ಎಲ್ಲರ ಮನ್ಯಾಗೂ ಐತೆ. ಇಂಥಾ ಕೂಡಿಕಿ ಯಾರ ಮನ್ಯಾಗೈತೆ ತೋರ್ಸು” ಎನ್ನುತ್ತಿದ್ದರು.

ಅದು ನಿಜ. ಅಂಥ ಕೂಡಿಕೆ ಯಾರ ಮನೆಯಲ್ಲೂ ಇರಲಿಲ್ಲ. ಊರಲ್ಲಿ ಬಿಡಾರ ಹಾಕಿ ಪ್ರೇಕ್ಷಕರಿಲ್ಲದೆ ಮುರಿದುಬಿದ್ದ ನಾಟಕ ಕಂಪನಿಯ ಪೇಟಿ ಮಾಸ್ತರನೊಬ್ಬ ಕೆಲವು ದಿನ ನಮ್ಮಲ್ಲಿ ಉಂಡ. ಹೋಗುವಾಗ ಅವನು ಕೊಟ್ಟದ್ದು ಒಂದು ಮರಾಠಿ ರಂಗಪದ. ಮಿಲ್ಲಿನ ತಮಿಳು ಫಿಟ್ಟರನಿಂದ ನಾಗಸ್ವರದ್ದು ಬಂತು. ಹರಿಹರದ ರೈಲ್ವೆ ಗಾರ್ಡೊಬ್ಬನಿಂದ ಇಂಗ್ಲಿಷ್ ಬ್ಯಾಂಡಿನದು ಬಂತು. ಅದನ್ನು ಹಾಕಿದರೆ ಓಣಿಯ ಹುಡುಗರೆಲ್ಲ ಸಿಪಾಯಿಗಳಂತೆ ಕಾಲು ಬಡಿಯುತ್ತಿದ್ದರು. ಅತ್ತರು ಮಾರುವ ಸಾಬರೊಬ್ಬರು ತಾವೇ ಒಂದು ಕವ್ವಾಲಿ ತಂದುಕೊಟ್ಟರು.

“ಶಾದಿಯಾಗ ಕವ್ವಾಲಿ ಇಲ್ಲಾಂದ್ರ ಬಿರಿಯಾನಿಗೆ ಉಪ್ಪಿಲ್ದಂಗ” ಎಂದರು.

“ನಾವು ಬಿರಿಯಾನಿ ಉಣ್ಣಾಂಗಿಲ್ಲಲ್ರೀ ಸಾಬ್ರ.”

“ಹಂಗಾರೆ ಹೋಳಿಗಿಗೆ ಬೆಲ್ಲ ಇಲ್ದಂಗ ಅಂತ ಬರ್ಕೊಳ್ರಿ. ಪ್ಲೇಟು ಅದ ಐತೆ.”

ನಿಟ್ಟುವಳ್ಳಿ ಆಗ ಇನ್ನೂ ಹಳ್ಳಿಯೇ. ಅಲ್ಲಿ ಏಕತಾರಿ ಹಿಡಿದು ತತ್ವಪದ ಹೇಳುವ ಮುದುಕನಿದ್ದ. ಅವನ ಪದ ಪ್ಲೇಟಿನಲ್ಲಿ ಸಿಗುವಂತಿರಲಿಲ್ಲ. ಮದುವೆಯ ದಿನ ತಾನೇ ಬಂದು ಮೈಕಿನ ಮುಂದೆ ಕೂರುತ್ತೇನೆಂದು ಮಾತು ಕೊಟ್ಟಿದ್ದ. ಮದುವೆಗೆ ಮೊದಲೇ ಅವನು ತೀರಿಹೋದ. ಟ್ರಂಕಿನಲ್ಲಿ ಅವನ ಜಾಗಕ್ಕೆ ಬರಿಯ ಹತ್ತಿಯ ದಿಂಬೊಂದನ್ನು ಇಡಿಸಿದರು. ಆ ಹೊತ್ತಿಗೆ ಏನೂ ಹಾಕುವುದು ಬೇಡ, ಸುಮ್ಮನಿದ್ದರೆ ಸಾಕು ಎಂದರು.

ಈ ಎಲ್ಲವನ್ನೂ ಒಂದರ ಹಿಂದೆ ಒಂದು ಹೊಂದಿಸುವುದರಲ್ಲಿ ಅಪ್ಪನಿಗಿಂತ ಮಗಳ ಕಿವಿ ಚುರುಕು. ಪ್ಲೇಟು ಒರೆಸುತ್ತಾ ಕೂತವಳು ತಲೆಯೆತ್ತದೆ ಹೇಳುತ್ತಿದ್ದಳು: “ಅಪ್ಪ, ಇದರ ಬೆನ್ನಿಗೆ ಅದು ಬ್ಯಾಡ. ಎರಡೂ ಅಳ್ತಾವ. ನಡುವೆ ಬ್ಯಾಂಡು ಹಾಕು, ಕಣ್ಣು ಒರೆಸ್ಕೊಳ್ಳಾಕ ಹೊತ್ತು ಸಿಗ್ತೈತೆ.” ಮಿಲ್ಲಿಗೆ ರಜೆಯಿದ್ದು ಅದರ ಸದ್ದಿಲ್ಲದ ದಿನ ಇಬ್ಬರೂ ಕೂತು ಹೊಸ ಹೊಸ ಜೋಡಣೆ ಮಾಡಿ ಕೇಳುತ್ತಿದ್ದರು. ಒಮ್ಮೆ ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ನಿಂತು ಕೂಗಿದ:

“ಏನ್ರೀ ಯಜಮಾನ್ರೇ, ವಚನದ ಬೆನ್ನಿಗೆ ಕವ್ವಾಲಿ! ಮಠದ ಸ್ವಾಮಿಗಳು ಕೇಳಿದ್ರ ಏನಂತಾರೆ?”

ಒಳಗಿನಿಂದ ಮಗಳೇ ಉತ್ತರ ಕೊಟ್ಟಳು: “ಕೇಳಿದ್ರು. ಎರಡರಾಗೂ ಕರಿಯೋದು ಒಬ್ಬನ್ನ ಅಂದ್ರು. ನಿಮ್ಮಂಗ ಬೀದ್ಯಾಗ ನಿಂತು ಒದರಲಿಲ್ಲ.”

ನಾನು ಬೈದೆ, ಹೆಣ್ಣುಹುಡುಗಿ ಹಾಗೆ ಮಾತಾಡಬಾರದೆಂದು. ಅವರು ನಗುತ್ತಾ ಕೀ ಕೊಡುತ್ತಿದ್ದರು.

ನಯಾಪೈಸೆ ಬಂದ ಹೊಸತರಲ್ಲಿ ಹರಿಹರದಿಂದ ಸಂಬಂಧ ಬಂತು. ಹತ್ತಿ ವ್ಯಾಪಾರ, ಹೊಳೆಯ ದಂಡೆಗೆ ಗದ್ದೆ, ದೊಡ್ಡ ಮನೆ. ಹುಡುಗ ಮೆದು. ಬೀಗರು, ಎಂದರೆ ಹುಡುಗನ ಅಪ್ಪ, ಅವರ ಮನೆಯಲ್ಲಿ ಎಲ್ಲರಿಗೂ ‘ಯಜಮಾನ್ರು’. ಅವರ ಬಾಯಿಂದ ಮಾತು ಬೀಳದೆ ಆ ಮನೆಯಲ್ಲಿ ಎತ್ತಿಗೆ ಹುಲ್ಲೂ ಬೀಳುವುದಿಲ್ಲ ಎಂದು ಸಂಬಂಧ ತಂದವರು ಹೊಗಳಿ ಹೇಳಿದರು. ನಾವೂ ಅದನ್ನು ಹೊಗಳಿಕೆಯೆಂದೇ ಕೇಳಿದೆವು.

ಮದುವೆ ನಮ್ಮಲ್ಲಿ ಎಂದು ಮಾತಾಗಿತ್ತು. ಆಮೇಲೆ ಯಜಮಾನರು, ತಮ್ಮ ಮನೆಯ ಮೊದಲ ಮದುವೆ, ತಮ್ಮ ಬಾಗಿಲಿಗೇ ಆಗಬೇಕು ಎಂದರು. ಮೈಕೂ ಅವರ ಊರಿನದೇ. ಅದರಲ್ಲಿ ತಪ್ಪೇನಿಲ್ಲ, ಹೆಣ್ಣಿನ ಅಪ್ಪ ಮಿಷನ್ನಿನ ಮುಂದೆ ಕೂತರೆ ಧಾರೆಗೆ ಯಾರು ನಿಲ್ಲಬೇಕು? ನಮ್ಮವರು ಒಂದೇ ಮಾತು ಕೇಳಿಕೊಂಡರು. ಮೈಕು ನಿಮ್ಮದಿರಲಿ, ಪ್ಲೇಟು ನಮ್ಮವು ಹಾಕಿಸಿ. ಯಜಮಾನರು ನಕ್ಕು, “ಆಗಲಿ ಬಿಡ್ರಿ, ಹಾಡಿನಾಗೇನೈತೆ” ಎಂದರು. ಹಾಡಿನಲ್ಲೇನಿದೆ ಎಂದವರು ಅವರೇ. ಇದನ್ನು ನಾನು ಮರೆತಿಲ್ಲ.

ಜಾಗ ಬದಲಾದ್ದರಿಂದ ಟ್ರಂಕಿನ ಜೋಡಣೆಯೂ ಬದಲಾಗಬೇಕಾಯಿತು. ಹೆಣ್ಣನ್ನು ಕಳಿಸಿಕೊಡುವಾಗ ಹಾಕಲೆಂದು ಒಂದು ತವರಿನ ಪದವಿತ್ತು. ಯಾವುದೋ ಕಂಪನಿಯ ನಟಿಯೊಬ್ಬಳ ದನಿ. ‘ಹೋಗಿ ಬರತೇನಂತ ಹೆಂಗ ಹೇಳಲೆ ಅವ್ವ’ ಎಂದು ಎತ್ತಿಕೊಳ್ಳುತ್ತಿದ್ದಳು. ಅದನ್ನು ಕಡೆಗೆ ಇಡಬೇಕು. ಆದರೆ ಈಗ ನಮ್ಮ ಹೊಸ್ತಿಲಿನಿಂದ ಕಳಿಸಿಕೊಡುವುದೇ ಇಲ್ಲವಲ್ಲ. ಅವರು ಅದನ್ನು ತೆಗೆದೇಬಿಡೋಣ ಎಂದರು. ಮಗಳು ಬಿಡಲಿಲ್ಲ.

“ಅದು ಇರ್ಬೇಕಪ್ಪ. ಅಕ್ಕಿಕಾಳು ಬಿದ್ದ ಕೂಡ್ಲೆ ಹಾಕಿಸು. ನಾನು ಹೋಗೋದು ಅಲ್ಲೇ ಅಲ್ಲೇನು?”

“ನಿಮ್ಮವ್ವ ಅಳ್ತಾಳ.”

“ಅಳ್ಲಿ ಬಿಡು. ಮತ್ಯಾಕ ಹಾಕೋದು ಅದನ್ನ?”

ಹಾಗೆ ಅದು ಮುಹೂರ್ತ ಮುಗಿದ ಮೇಲಿನ ಮೊದಲ ಪ್ಲೇಟಾಯಿತು. ನಮ್ಮವರ ಒಂದು ಪದ್ಧತಿ ಹೇಳಬೇಕು. ಟ್ರಂಕಿನಲ್ಲಿ ಮೇಲಿನದು ಮೊದಲು, ಅದರ ಕೆಳಗಿನದು ಆಮೇಲೆ. ಧಾರೆಯ ಹೊತ್ತು ಎಲ್ಲಿ ಬರುತ್ತದೋ ಅಲ್ಲಿ ಒಂದು ಕೆಂಪು ಬಟ್ಟೆ ಹಾಸುತ್ತಿದ್ದರು. ಕೆಂಪು ಎಂದರೆ ನಿಲ್ಲು. ಆಗ ಮಿಷನ್ ಬಂದ್ ಮಾಡಬೇಕು, ಓಲಗದವರ ಗಟ್ಟಿಮೇಳ ಬಿಟ್ಟು ಬೇರೆ ಸದ್ದು ಇರಬಾರದು. ರೈಲಿನ ಬಾವುಟದಿಂದ ಕಲಿತದ್ದೋ ಏನೋ. ನಮ್ಮ ಅಂಗಡಿಯಲ್ಲಿ ಎಷ್ಟೋ ವರ್ಷದಿಂದ ಹಾಗೇ ನಡೆದಿತ್ತು. ಅದನ್ನು ಯಾರಿಗೂ ಬಿಡಿಸಿ ಹೇಳಬೇಕೆಂದು ಅನ್ನಿಸುವುದು ಸಾಧ್ಯವೇ ಇರಲಿಲ್ಲ. ಒಲೆಯ ಮೇಲಿನ ಪಾತ್ರೆ ಸುಡುತ್ತದೆ ಎಂದು ಯಾರಾದರೂ ಬೀಗರಿಗೆ ಹೇಳುತ್ತಾರೆಯೆ?

ಮದುವೆಯ ದಿನ ಬೆಳಗ್ಗೆ ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಶಹನಾಯಿ ಎತ್ತಿಕೊಂಡಿತು. ಒಳಕೋಣೆಯಲ್ಲಿ ಮಗಳಿಗೆ ಜಡೆ ಹಾಕುತ್ತಿದ್ದೆವು. ಒಂದು ಹಾಡು ಮುಗಿದು ಇನ್ನೊಂದು ಹಿಡಿಯುವಾಗಲೆಲ್ಲ ಅವಳು ಬೆರಳು ಎತ್ತಿ, ‘ಈಗ ಇದು’ ಎನ್ನುವಳು, ಅದೇ ಬರುವುದು. ಜಡೆ ಹೆಣೆಯುವವಳಿಗೆ ತಲೆ ನಿಲ್ಲದೆ ಬೈಗುಳ ಬೇರೆ. ಕವ್ವಾಲಿಗೆ ಚಪ್ಪರದಲ್ಲಿ ಮುದುಕರು ತೊಡೆ ತಟ್ಟಿದರು. ಬ್ಯಾಂಡಿಗೆ ಮಕ್ಕಳು ಸಾಲಾಗಿ ನಡೆದರು. ಹರಿಹರದ ಕಾರ್ಖಾನೆಯ ಹುಡುಗರು ಹಿಂದಿ ಪದವನ್ನು ಇನ್ನೊಮ್ಮೆ ಹಾಕೆಂದು ಕೂಗಿದರು. ಮುದುಕನ ಜಾಗ ಬಂದಾಗ ಹಾರ್ನು ಸುಮ್ಮನಾಯಿತು, ಆ ದಿಂಬಿನ ವಿಷಯವೊಂದನ್ನು ನಮ್ಮವರು ಮೈಕಿನವನಿಗೆ ಮೊದಲೇ ಹೇಳಿಟ್ಟಿದ್ದರು. ಆ ಹೊತ್ತು ಮಗಳೂ ತಲೆ ಅಲ್ಲಾಡಿಸಲಿಲ್ಲ. ಮೈಕಿನವನು ನಡೆ ತಪ್ಪದೆ ಹಾಕುತ್ತಿದ್ದ. ಬಾಗಿಲಲ್ಲಿ ನಿಂತು ನಮ್ಮವರ ಮುಖ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಆ ಅರ್ಧ ದಿನ ನನ್ನ ಬಳಿ ಇದೆ. ಅದರಿಂದ ಪ್ರಯೋಜನವೇನೂ ಇಲ್ಲ.

ಧಾರೆಯ ಹೊತ್ತಿಗೆ ಅವರ ಬೊಗಸೆಯಲ್ಲಿ ಮಗಳ ಕೈ. ನಾನು ಗಿಂಡಿಯಿಂದ ನೀರು ಬಿಡುತ್ತಿದ್ದೆ. ಓಲಗದವರು ಗಟ್ಟಿಮೇಳಕ್ಕೆ ಉಸಿರು ಹಿಡಿದಿದ್ದರು. ಅಯ್ಯನವರು ಮಂತ್ರ ಮುಗಿಸಿ ಅಕ್ಕಿಕಾಳಿಗೆ ಕೈಯೆತ್ತಿದರು. ಆಗ ಹಾರ್ನಿನಿಂದ ಆ ಹೆಣ್ಣಿನ ದನಿ, ಬೀದಿಯ ಆ ತುದಿಗೆ ಕೇಳುವಷ್ಟು ಜೋರಾಗಿ: ‘ಹೋಗಿ ಬರತೇನಂತ ಹೆಂಗ ಹೇಳಲೆ ಅವ್ವ.’

ಅವರು ಬಿಳಿಚಿಕೊಂಡರು. ಓಡಿಹೋಗಿ ಸೂಜಿ ಎತ್ತಬೇಕು, ಆದರೆ ಕೈಯಲ್ಲಿ ಮಗಳ ಕೈ ಇದೆ, ನೀರು ಬೀಳುತ್ತಿದೆ. ಧಾರೆಯ ನಡುವೆ ಅಪ್ಪ ಕೈ ಬಿಡುವಂತಿಲ್ಲ. ಪದ ಕೊನೆಯವರೆಗೂ ಓಡಿತು. ಓಲಗ ಅದರ ಮೇಲೆ, ಅದು ಓಲಗದ ಮೇಲೆ. ಅಕ್ಕಿಕಾಳು ಬಿದ್ದವು.

ಮಗಳು ಬಾಸಿಂಗದ ಕೆಳಗಿನಿಂದ ಮೆಲ್ಲಗೆ ಅಂದಳು: “ಅಪ್ಪ, ನನಗಿಂತ ಹಾಡಿಗೇ ಅವಸರ ಆಗೈತೆ.” ಅವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದು ನೆಂಟರು ತಿಳಿದರು. ಅವಳು ನಗುತ್ತಿದ್ದಳು.

ಆಮೇಲೆ ಮೈಕಿನವನನ್ನು ಹಿಡಿದು ಕೇಳಿದರು. ಅವನಿಗೆ ತನ್ನ ತಪ್ಪೇನೆಂದೇ ತಿಳಿಯಲಿಲ್ಲ. “ಕೆಂಪು ಬಟ್ಟೆ ಹಾಸಿ ಅದರ ಕೆಳಗ ಇಟ್ಟಿದ್ರು. ಇದು ಮುಹೂರ್ತದ ಪ್ಲೇಟು, ಅದಕ್ಕ ಮಡಿಯಿಂದ ಇಟ್ಟಾರ ಅಂತ ತಿಳ್ದೆ. ಶುಭಕ್ಕ ಕೆಂಪಲ್ದ ಕರೇದು ಹಾಕ್ತಾರೇನ್ರಿ?” ಎಂದ. ಅವನು ಹೇಳಿದ್ದೂ ಸರಿಯೇ. ಮದುವೆಮನೆಯಲ್ಲಿ ಕೆಂಪು ಕಂಡು ನಿಲ್ಲುವವರು ಯಾರು?

ಬೀಗಿತ್ತಿ ಮಾತ್ರ ಮುಖ ಊದಿಸಿಕೊಂಡಿದ್ದಳು. “ಹೋಗಿ ಬರ್ತೀನಿ ಅನ್ನಾಕ ಬಾಯಿ ಬರ್ಲಿಲ್ವಂತೆ. ಕಾಳು ಬೀಳೋ ಹೊತ್ತಿನಾಗ ಇಂಥಾ ಮಾತೇನ್ರಿ? ಮೈಕಿನೋರ ಮನಿ ಹೆಣ್ಣು ತಂದ್ರ ಹಿಂಗ” ಎಂದು ನಾಲ್ಕು ಹೆಂಗಸರ ಮುಂದೆ ಹೇಳಿದಳು. ನಮ್ಮ ಕಡೆಯ ಒಬ್ಬಳು ಹೌದೆಂದು ತಲೆಯಾಡಿಸಿದ್ದನ್ನೂ ನೋಡಿದೆ.

ಮದುವೆಯಾದ ಎರಡನೆಯ ವರ್ಷ ಮಗಳು ಬಸುರಾದಳು. ಚೊಚ್ಚಲು ತವರಲ್ಲಿ ಆಗಬೇಕು. ಇದು ಊರಿಗೆಲ್ಲ ಗೊತ್ತಿರುವ ಮಾತು. ಏಳನೆಯ ತಿಂಗಳಿಗೆ ಸೀರೆ, ಬುತ್ತಿ ಕಟ್ಟಿಕೊಂಡು ಕರೆತರಲು ಹೋದೆ. ಬೀಗಿತ್ತಿ ಉಣ್ಣಿಸಿ, ಎಲೆ ಅಡಿಕೆ ಕೊಟ್ಟು, ಕಳಿಸುವುದಿಲ್ಲ ಎಂದಳು.

“ಹೋದ್ರ ಬರಾಂಗಿಲ್ಲ ಅಂತ ನೀವೇ ಹಾಡು ಹಾಕಿ ಹೇಳೀರಿ. ಹೊಟ್ಯಾಗ ನಮ್ಮ ಮನಿ ಕುಡಿ ಇಟ್ಕೊಂಡು ಹೆಂಗ ಕಳಿಸೋಣು?”

“ಅದು ಪ್ಲೇಟಿನ ಹಾಡು ಬೀಗಿತ್ತಿ. ಒಂಬತ್ತು ಮೈಲಿ ದಾರಿ.”

“ನಮ್ಮ ಯಜಮಾನ್ರು ಬ್ಯಾಡ ಅಂದಾರ.”

ಅಳಿಯ ನೆಲ ನೋಡುತ್ತಿದ್ದ. ಮಗಳು ಬಾಗಿಲ ಹಿಂದೆ ನಿಂತಿದ್ದಳು. ಹೊರಡುವಾಗ ನನ್ನ ಕಿವಿಯಲ್ಲಿ, “ಅಪ್ಪಗ ಹೇಳಬ್ಯಾಡ, ಹಾಡಿನ ಸಲುವಾಗಿ ಅಂತ. ಡಾಕ್ಟರು ಬ್ಯಾಡ ಅಂದ್ರು ಅಂತ ಹೇಳು” ಎಂದಳು. ಇನ್ನೊಂದು ಸಲ ಹೋದೆ. ಆಗಲೂ ಕಳಿಸಲಿಲ್ಲ.

ಹೆರಿಗೆಯ ದಿನ ನಡೆದದ್ದನ್ನು ಅವರ ಪಕ್ಕದ ಮನೆಯಾಕೆ ನನಗೆ ಆಮೇಲೆ ಹೇಳಿದಳು. ಬೆಳಗ್ಗೆ ನೋವು ಕಾಣಿಸಿತು. ಮಧ್ಯಾಹ್ನದ ಹೊತ್ತಿಗೆ, ಇದು ತನ್ನ ಕೈ ಮೀರಿದೆ, ದಾವಣಗೆರೆಯ ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದು ಸೂಲಗಿತ್ತಿ ಹೇಳಿದಳು. ಯಜಮಾನರು ಹತ್ತಿಯ ಮಾರ್ಕೆಟ್ಟಿಗೆಂದು ರಾಣೇಬೆನ್ನೂರಿಗೆ ಹೋಗಿದ್ದರು. ಕಾರು ಕರೆಸಲು ಅವರ ಮಾತು ಬೇಕು. ಮನೆಯ ಹೆಣ್ಣನ್ನು ಊರು ದಾಟಿಸಲು ಅವರ ಮಾತು ಬೇಕು. ಅಳಿಯ ಬಸ್ ಸ್ಟ್ಯಾಂಡಿಗೆ ಹೋಗಿ ಅಪ್ಪನ ದಾರಿ ಕಾಯುತ್ತಾ ನಿಂತ. ಹೆಂಡತಿಯ ಪಕ್ಕದಲ್ಲಿ ಅಲ್ಲ, ಬಸ್ ಸ್ಟ್ಯಾಂಡಿನಲ್ಲಿ. ಸಂಜೆಯ ಬಸ್ಸಿಗೆ ಯಜಮಾನರು ಇಳಿದು, ‘ಒಯ್ಯಿರಿ’ ಎಂದರು. ಒಯ್ದರು. ದಾರಿಯಲ್ಲಿ ತಾಯಿಯೂ ಹೋದಳು, ಮಗುವೂ ಹೋಯಿತು.

ಹರಿಹರಕ್ಕೆ ನಾವು ತಲುಪಿದಾಗ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ನಮ್ಮಲ್ಲಿ ಕೂರಿಸುವ ಹಾಗೆ, ಹಣೆಗೆ ವಿಭೂತಿ. ಬೀಗಿತ್ತಿ ನಮ್ಮವರನ್ನು ಕಂಡವಳೇ ಎದೆ ಬಡಿದುಕೊಂಡು ಎದ್ದಳು:

“ಹಾಡು ಹಾಕಿ ಕಳಿಸಿದ್ರಲ್ರೀ! ಹೋಗಿ ಬರ್ತೀನಿ ಅನ್ನಂಗಿಲ್ಲ ಅಂತ ನಿಮ್ಮ ಕೈಯಿಂದ ಹಾಡು ಹಾಕಿ ಕಳಿಸಿದ್ರಲ್ರೀ!”

ನೆರೆದವರು ಲೊಚಗುಟ್ಟಿದರು. ಯಜಮಾನರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು, “ಶಿವನಿಚ್ಛೆ” ಎಂದರು. ರಾಣೇಬೆನ್ನೂರಿನ ಬಸ್ಸಿನ ಮಾತು ಯಾರೂ ಎತ್ತಲಿಲ್ಲ. ನನಗೂ ಆಗ ಅದು ತಿಳಿದಿರಲಿಲ್ಲ. ನಮ್ಮವರು ಮಗಳ ಪಾದದ ಬಳಿ ಕೂತರು. ಬೀಗಿತ್ತಿ ಎಸೆದದ್ದನ್ನು ಅವರು ಎರಡೂ ಕೈಯಲ್ಲಿ ಹಿಡಿದುಕೊಂಡರು, ಮತ್ತೆ ಕೆಳಗಿಡಲಿಲ್ಲ.

ಊರಿಗೆ ಬಂದ ಮೇಲೆ ಮದುವೆಗಳನ್ನು ಒಪ್ಪಿಕೊಳ್ಳುವುದು ಬಿಟ್ಟರು. ಸಿನಿಮಾದವರ ಜಟಕಾದಲ್ಲಿ ಕೂತು, ಇಂದೇ ನೋಡಿರಿ ಎಂದು ಓಣಿ ಓಣಿಗೆ ಕೂಗುವುದು, ಎಲೆಕ್ಷನ್ನಿನವರಿಗೆ ಕೂಗುವುದು, ಇಷ್ಟೇ. ಯಾರ ಮನೆಯಲ್ಲಾದರೂ ಶಹನಾಯಿ ಎದ್ದರೆ ಆ ಬೀದಿ ಬಿಟ್ಟು ಸುತ್ತಿಕೊಂಡು ಬರುತ್ತಿದ್ದರು. ಟ್ರಂಕು ಮಂಚದ ಕೆಳಗೆ ಹೋಯಿತು.

ಪಕ್ಕದ ಮನೆಯಾಕೆಯಿಂದ ಎಲ್ಲ ತಿಳಿದ ದಿನ ನಾನು ಅವರಿಗೆ ಹೇಳಿದೆ. ತವರಿಗೆ ಕಳಿಸದೇ ಇದ್ದದ್ದು, ಸೂಲಗಿತ್ತಿ ಹೇಳಿದ್ದು, ಬಸ್ಸು ಕಾದದ್ದು. ಮಗಳು ಹೇಳಬೇಡ ಎಂದಿದ್ದನ್ನೂ ಹೇಳಿದೆ. ಅವರು ಎಲ್ಲ ಕೇಳಿ, “ಕಳಿಸದೇ ಇದ್ದದ್ದೂ ಹಾಡಿನ ಸಲುವಾಗೇ ಅಲ್ಲೇನು?” ಎಂದರು.

“ಹಾಡಿನ ಸಲುವಾಗಿ ಅಲ್ರಿ. ಅವರ ತಲಿ ಸಲುವಾಗಿ.”

“ಕೆಂಪು ಬಟ್ಟೆ ಹಾಸಿದ್ದು ನಾನು.”

“ಕಾರು ಕರೆಸಬ್ಯಾಡ್ರಿ ಅಂತ ನಿಮ್ಮ ಬಟ್ಟೆ ಹೇಳ್ತೇನು?”

ಆ ಮಾತು ಎಷ್ಟು ವರ್ಷ ಕೇಳಿದರೂ ಎದ್ದು ಅಂಗಡಿಯ ಕೋಣೆಗೆ ಹೋಗುತ್ತಿದ್ದರು.

ಅಳಿಯನಿಗೆ ಎರಡನೆಯ ಮದುವೆ ಗೊತ್ತಾಯಿತು. ನಮ್ಮಲ್ಲಿ ಒಂದು ರೂಢಿಯಿದೆ. ಸತ್ತವಳ ಹೆಸರಿನಲ್ಲಿ ಒಂದು ಸಣ್ಣ ಬಂಗಾರದ ಬಿಲ್ಲೆ ಮಾಡಿಸಿ ಬಂದವಳು ತಾಳಿಯ ಜೊತೆ ಕಟ್ಟಿಕೊಳ್ಳಬೇಕು. ಸವತಿ ತಾಳಿ ಎನ್ನುತ್ತಾರೆ. ಸತ್ತವಳ ತಾಯಿ ಅವಳಿಗೆ ಮೊದಲ ಸೀರೆ ಉಡಿಸಬೇಕು. ಅಂದಿನಿಂದ ಅವಳು ನಮಗೂ ಮಗಳು. ನಮ್ಮವರು ಬರಲಿಲ್ಲ. ನಾನು ಸೀರೆ ತೆಗೆದುಕೊಂಡು ಒಬ್ಬಳೇ ಬಸ್ಸು ಹತ್ತಿದೆ. ಬಂದ ಹುಡುಗಿ ಬಡವರ ಮನೆಯವಳು, ಹೆದರಿದ್ದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಮೈಕಿನವನು ಹಿಂದಿನವನೇ. ಈ ಸಲ ನಡೆ ಇಲ್ಲ, ಜೋಡಣೆ ಇಲ್ಲ, ಕೈಗೆ ಬಂದದ್ದು ಹಾಕುತ್ತಿದ್ದ. ಅಯ್ಯನವರು ಅಕ್ಕಿಕಾಳಿಗೆ ಕೈಯೆತ್ತಿದರು. ಹಾರ್ನಿನಲ್ಲಿ ಅದೇ ಹೆಣ್ಣಿನ ದನಿ ಎದ್ದಿತು. ಅದೇ ಪದ. ನಮ್ಮ ಟ್ರಂಕಿನಲ್ಲಿ ಕೇಳಿ ಮೆಚ್ಚಿಕೊಂಡು ಅವನೂ ಒಂದು ತರಿಸಿಕೊಂಡಿದ್ದನಂತೆ.

ನಾನು ಬೀಗಿತ್ತಿಯ ಕಡೆ ತಿರುಗಿದೆ. ಈಗ ಎದೆ ಬಡಿದುಕೊಳ್ಳುತ್ತಾಳೆ ಎಂದು ಕಾದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಪದದ ತಾಳಕ್ಕೆ ಸಣ್ಣಗೆ ತಲೆ ತೂಗುತ್ತಿದ್ದಳು. ಪಕ್ಕದವಳಿಗೆ, “ಛಲೋ ಹಾಡ್ಯಾಳ ನೋಡು” ಎಂದಳು. ಯಾರ ತಲೆಯೂ ತಿರುಗಲಿಲ್ಲ. ನನ್ನ ಮಗಳನ್ನು ಕೊಂದದ್ದು ಯಾವುದೆಂದು ಊರೆಲ್ಲ ಹೇಳಿಕೊಂಡು ತಿರುಗಿದ ಹೆಂಗಸಿಗೆ ಆ ಪದದ ಗುರುತೇ ಇರಲಿಲ್ಲ.

ಊಟಕ್ಕೆ ಕೂರದೆ ವಾಪಸು ಬಂದೆ. ಅವರಿಗೆ ಹೇಳುವ ಅವಸರ. ಈ ಸಲ ಬಿಟ್ಟುಬಿಡುತ್ತಾರೆ ಎಂದುಕೊಂಡೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬಂದೆ. ಅವರು ಎಲ್ಲ ಕೇಳಿ, “ಅವರ ಪುಣ್ಯ ಗಟ್ಟಿ ಇದ್ದೀತು” ಎಂದರು.

ಆ ಹುಡುಗಿ ಬದುಕಿದಳು. ಚೊಚ್ಚಲಿಗೆ ಅವಳನ್ನು ತವರಿಗೆ ಕಳಿಸಿದರು. ಅಷ್ಟು ಬುದ್ಧಿ ಬಂದಿತ್ತು, ಅದಕ್ಕೆ ನನ್ನ ಮಗಳು ಬೇಕಾಯಿತು. ಪಂಚಮಿಗೆ ಅವಳು ನಮ್ಮ ಮನೆಗೂ ಬರುತ್ತಿದ್ದಳು, ಮಗುವನ್ನು ಸೊಂಟದ ಮೇಲೆ ಹೊತ್ತು. ಅವಳ ಕೊರಳಲ್ಲಿ ನನ್ನ ಮಗಳ ಬಿಲ್ಲೆ. ಒಮ್ಮೆ ನಾನೇ ಅವಳನ್ನು ಕೇಳಿಕೊಂಡೆ, ನೀನೇ ಹೇಳವ್ವ ಎಂದು. ಅವಳು ಅವರ ಎದುರು ಕೂತಳು.

“ಅಪ್ಪಾರೆ, ನನ್ನ ಕಾಳು ಬೀಳುವಾಗ್ಲೂ ಅದ ಪದ ಹಾಕಿದ್ರು. ನಂಗೇನಾಗೈತೆ ನೋಡ್ರಿ? ಕಲ್ಲುಗುಂಡು ಇದ್ದಂಗ ಇದೀನಿ.”

ಅವರು ಮಗುವಿನ ಕೈಗೆ ಮಂಡಕ್ಕಿ ಉಂಡೆ ಕೊಟ್ಟರು. “ನಿಂದು ಬ್ಯಾರೆ ತಾಯಿ. ನಿಂಗ ಅದನ್ನ ನಿಮ್ಮಪ್ಪ ಇಟ್ಟಿದ್ದಲ್ಲ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ನಾನು ಆ ಮಾತು ಎತ್ತುವುದನ್ನು ಬಿಟ್ಟೆ.

ಅವರು ತೀರಿಕೊಂಡದ್ದು ಒಂದು ಬೆಳಗ್ಗೆ, ಜಟಕಾ ಬಂದು ಬಾಗಿಲಲ್ಲಿ ನಿಂತಾಗ. ಎದೆ ನೋವು ಎಂದು ಕೂತವರು ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರನ್ನು ಕೂರಿಸಿ, ಭಜನೆಯವರು ಬಂದರು. ಹರಿಹರದಿಂದ ಬೀಗರೆಲ್ಲ ಬಂದರು, ಆ ಹುಡುಗಿಯೂ ಬಂದಳು. ಯಜಮಾನರಿಗೆ ಚಾಪೆಯ ಮೇಲೆ ಜಮಖಾನೆ ಹಾಸಿ ಕೂರಿಸಿದರು. ಭಜನೆಯವರು ಒಂದು ವಚನ ಮುಗಿಸಿ ನೀರು ಕುಡಿಯುತ್ತಿದ್ದಾಗ ನಾನು ಅವರ ಹಿರಿಯನಿಗೆ ಹೇಳಿದೆ. ಇವರು ಎಲ್ಲ ಥರದ ಹಾಡು ಕೂಡಿಸಿದವರು. ಒಂದು ತವರಿನ ಪದವಿದೆ, ನಿಮಗೂ ಗೊತ್ತು. ಅದನ್ನು ಒಂದು ನುಡಿ ಹೇಳಿ.

ಅವನು ಹೇಳಲೋ ಬೇಡವೋ ಎಂದು ಅತ್ತಿತ್ತ ನೋಡಿದ. ಬೀಗಿತ್ತಿ ಒಳಗಿನಿಂದಲೇ ಕೂಗಿದಳು: “ಬ್ಯಾಡ್ರಿ ಬ್ಯಾಡ್ರಿ. ಆ ಪದ ಒಂದು ಜೀವ ತಗೊಂಡೈತೆ.”

ನಾನು ಜೋರಾಗಿ ಮಾತಾಡಿದವಳಲ್ಲ. ಮದುವೆಯಾದಂದಿನಿಂದ ಹಾರ್ನುಗಳ ಮನೆಯಲ್ಲಿದ್ದೆ, ನನ್ನ ದನಿ ಏರಿಸುವ ಅಗತ್ಯ ಬಂದಿರಲಿಲ್ಲ. ಆ ದಿನ ಏರಿಸಿದೆ.

“ಪದ ತಗೊಂಡಿಲ್ಲ ಬೀಗಿತ್ತಿ. ನಿಮ್ಮ ಎರಡನೇ ಸೊಸಿ ಕಾಳಿಗೆ ಅದ ಪದ ಹಾಕಿದ್ರು, ನೀವು ತಲಿ ತೂಗಿದ್ರಿ. ನನ್ನ ಮಗಳು ಸತ್ತಿದ್ದು ಯಜಮಾನ್ರ ಬಸ್ಸು ಕಾದು. ಮಧ್ಯಾಹ್ನ ಒಯ್ಯಿರಿ ಅಂದ್ಲು ಸೂಲಗಿತ್ತಿ. ನೀವು ಸಂಜಿತನಕ ಅಪ್ಪಣೆ ಕಾದ್ರಿ. ಇವರು ಅದನ್ನ ತಮ್ಮ ಮೈಮ್ಯಾಲೆ ಹಾಕ್ಕೊಂಡು ಸತ್ರು. ನೀವು ಹಾಕ್ಕೊಳ್ಳಾಕ ಬಿಟ್ರಿ.”

ಯಜಮಾನರು ಹೆಗಲ ಮೇಲಿನ ಶಾಲು ಸರಿಮಾಡಿಕೊಂಡರು. ಅಳಿಯ ನೆಲ ನೋಡಿದ. ನಮ್ಮ ಓಣಿಯ ಹಿರಿಯರೊಬ್ಬರು ಭಜನೆಯವನ ಕಡೆ ಕೈ ಮಾಡಿ, “ಹೂಂ, ನಡೀಲಿ” ಎಂದರು. ಅವನು ತಾಳ ಎತ್ತಿಕೊಂಡ. ಇನ್ನೊಂದು ವಚನ ಶುರುವಾಯಿತು, ಮೊದಲಿಗಿಂತ ಜೋರಾಗಿ. ಎಲ್ಲರೂ ದನಿಗೂಡಿಸಿದರು, ಬೀಗಿತ್ತಿಯೂ ಸೇರಿ. ನಾನು ಬಾಯಿ ತೆರೆದೇ ನಿಂತಿದ್ದೆ ಎಂದು ಆಮೇಲೆ ಆ ಹುಡುಗಿ ಹೇಳಿದಳು. ಅವಳೇ ನನ್ನ ತೋಳು ಹಿಡಿದು ಕೂರಿಸಿದ್ದಂತೆ.

ದುಃಖಕ್ಕೆ ತಲೆ ಕೆಟ್ಟಿದೆ, ಪಾಪ, ಎಂದು ಊರು ಮಾತಾಡಿಕೊಂಡಿತು. ಹಾಗೆಂದುಕೊಳ್ಳುವುದು ಅವರಿಗೆ ಸುಲಭ.

ಗ್ರಾಮೊಫೋನಿನ ಸ್ಪ್ರಿಂಗು ಕಡಿದಿದೆ. ಹಾರ್ನುಗಳನ್ನು ಒಬ್ಬ ಬಂದು ಒಯ್ದ. ಟ್ರಂಕು ಮಂಚದ ಕೆಳಗೇ ಇದೆ, ಮಗಳು ಜೋಡಿಸಿದ ಹಾಗೆಯೇ, ಮುದುಕನ ದಿಂಬೂ ಇದೆ. ಕೆಂಪು ಬಟ್ಟೆಯೊಂದನ್ನು ಮಾತ್ರ ಹೊರಗೆ ತೆಗೆದೆ. ಗಟ್ಟಿ ನೂಲಿನದು, ಒಲೆಯಿಂದ ಪಾತ್ರೆ ಇಳಿಸಲು ಚೆನ್ನಾಗಿದೆ. ಮಸಿ ಹತ್ತಿ ಹತ್ತಿ ಅದರ ಬಣ್ಣ ಈಗ ಗೊತ್ತಾಗುವುದಿಲ್ಲ.